ಚೀಟಿ ಎತ್ತಿ ಟೈಲ್ಸ್ ಹಾಕಿಸಿದ್ದು

ಅಡುಗೆಮನೆಯ ಗೋಡೆಗೆ ಟೈಲ್ಸ್ ಹಾಕಿಸುವುದು ಒಂದು ಕೆಲಸವೇ ಅಲ್ಲ. ಗೋಡೆ ಮೊದಲೇ ಇದೆ. ಟೈಲ್ಸ್ ಅಂಗಡಿಯಲ್ಲಿದೆ. ಅಂಟಿಸುವುದಕ್ಕೆ ಮೇಸ್ತ್ರಿ ಇದ್ದಾನೆ. ಇವುಗಳ ಮಧ್ಯೆ ಬೇಕಾದದ್ದು ಅಭಿರುಚಿ ಇರುವ ಒಬ್ಬ ಮನುಷ್ಯ ಮಾತ್ರ. ಪುಣ್ಯಕ್ಕೆ ಅಂಥವನೊಬ್ಬ ನಮ್ಮ ಮನೆಯಲ್ಲೇ ಖಾಲಿ ಕೂತಿದ್ದ. ನಾನು!

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ನನ್ನ ನೆನಪು ಬಹಳ ಮರ್ಯಾದಸ್ಥ. ನಾನು ಪೆಚ್ಚಾದ ಜಾಗಗಳಿಗೆಲ್ಲ ಸುಣ್ಣ ಬಳಿದು, ನಾನು ಸರಿಯಾಗಿ ಮಾತಾಡಿದ ಜಾಗಗಳಿಗೆ ದೀಪ ಹಚ್ಚಿಟ್ಟಿರುತ್ತದೆ. ಹಾಗಾಗಿ ನಾನು ಇದನ್ನು ಬರೆಯುವಾಗ ನನ್ನ ಹೆಂಡತಿ ಗಿರಿಜಾ ಪಕ್ಕದಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಾಳೆ. ಎಲ್ಲಿ ಬೇಕಾದರೂ ಬಾಯಿ ಹಾಕುವ ಪೂರ್ಣ ಅಧಿಕಾರವನ್ನು ಅವಳಿಗೆ ಕೊಟ್ಟಿದ್ದೇನೆ.

(ಗಿರಿಜಾ: "ಕೊಟ್ಟಿದ್ದಲ್ಲ. ನಾನೇ ತಗೊಂಡಿದ್ದು.")

ನಮ್ಮದು ಚಾಮರಾಜಪೇಟೆಯ ಹಳೆಯ ಮನೆ. ಅಡುಗೆ ಕಟ್ಟೆಯ ಹಿಂದಿನ ಗೋಡೆ ಒಂದು ಕಾಲದಲ್ಲಿ ತಿಳಿ ಹಸಿರಾಗಿತ್ತಂತೆ. ಇಪ್ಪತ್ತೆಂಟು ವರ್ಷದ ಒಗ್ಗರಣೆಗಳು ಸೇರಿ ಅದಕ್ಕೆ ಈಗ ಯಾವ ಬಣ್ಣದ ಅಂಗಡಿಯಲ್ಲೂ ಸಿಗದ ಒಂದು ಬಣ್ಣ ಬಂದಿತ್ತು. ನನಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ನಮ್ಮ ಅತ್ತೆಗೆ.

ಗಿರಿಜಾಳ ತಾಯಿ ಇರುವುದು ವೈಯಾಲಿಕಾವಲಿನಲ್ಲಿ. ಅವರ ಅಡುಗೆಮನೆ ಎಷ್ಟು ಚೊಕ್ಕಟವೆಂದರೆ ಅಲ್ಲಿ ಸಾಸಿವೆ ಕೂಡ ಸಿಡಿಯುವ ಮೊದಲು ಒಂದು ಸಲ ಯೋಚಿಸುತ್ತದೆ. ನಮ್ಮ ಮನೆಗೆ ಬಂದಾಗಲೆಲ್ಲ ಅವರು ಅಡುಗೆಮನೆಯ ಹೊಸ್ತಿಲ ತನಕ ಬರುತ್ತಾರೆ. ಗೋಡೆ ನೋಡುತ್ತಾರೆ. ಏನೂ ಹೇಳುವುದಿಲ್ಲ. ತಿರುಗಿ ಹಾಲಿಗೆ ಹೋಗಿ, "ನನಗೆ ಹಸಿವಿಲ್ಲ ಕಣಮ್ಮ, ಒಂದು ಲೋಟ ನೀರು ಕೊಡು ಸಾಕು" ಅನ್ನುತ್ತಾರೆ. ಅವರು ಬೈದಿದ್ದರೆ ಗಿರಿಜಾ ತಿರುಗಿ ಬೈಯುತ್ತಿದ್ದಳು. ನೀರು ಕೇಳಿದವರನ್ನು ಏನೆಂದು ಬೈಯುವುದು?

ಪ್ರತಿ ವರ್ಷ ಹಬ್ಬದಡುಗೆ ಮಾಡಿ ಮಗಳನ್ನು ಕರೆಯುತ್ತಿದ್ದ ಅತ್ತೆ, ಈ ಸಲ ಮಂಡಿ ನೋವು ಹೆಚ್ಚಾಗಿ ಒಲೆ ಮುಂದೆ ನಿಲ್ಲಲಾಗದೆ, ಫೋನ್ ಮಾಡಿದರು. "ಗೌರಿ ಹಬ್ಬಕ್ಕೆ ನಾನೇ ನಿನ್ನ ಮನೆಗೆ ಬರ್ತೀನಿ. ಬಾಗಿನ ಅಲ್ಲೇ ಕೊಡ್ತೀನಿ." ಫೋನ್ ಇಟ್ಟ ಗಿರಿಜಾ ಬಹಳ ಹೊತ್ತು ಗೋಡೆಯನ್ನೇ ನೋಡುತ್ತಾ ನಿಂತಳು.

"ರೀ, ನನಗೇನೂ ಸೀರೆ ಗೀರೆ ಬೇಡ. ಈ ಗೋಡೆಗೆ ಬಿಳೀ ಟೈಲ್ಸ್ ಹಾಕಿಸ್ಬಿಡಿ. ಬರೀ ಬಿಳೀದು. ಅಮ್ಮ ಒಂದೇ ಒಂದ್ಸಲ ಒಳಗೆ ಬಂದು, ನನ್ನ ಅಡುಗೆಮನೇಲಿ ಕೂತ್ಕೊಂಡು, ನನ್ನ ಜೊತೆ ಎರಡು ಹೋಳಿಗೆ ತಟ್ಟಲಿ. ಅಷ್ಟೇ ನಂಗೆ ಬೇಕಾಗಿರೋದು."

ಇಷ್ಟು ಸ್ಪಷ್ಟವಾದ ಬೇಡಿಕೆಯನ್ನು ಯಾವ ಗಂಡನಾದರೂ ಕೆಡಿಸಲು ಸಾಧ್ಯವೇ? ಸಾಧ್ಯ!

"ಬರೀ ಬಿಳೀದಾ? ಅಡುಗೆಮನೆಯೋ ಆಸ್ಪತ್ರೆಯೋ? ನೀನು ಚಿಂತೆ ಬಿಡು. ನನಗೆ ಬಿಡು," ಎಂದೆ.

ನಾನು ಬಸವನಗುಡಿಯ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಮೂವತ್ತು ವರ್ಷ ಸಾಲು, ಕಂಬ, ಕೋಷ್ಟಕಗಳ ಜೊತೆ ಬಾಳಿದ ಮನುಷ್ಯನಿಗೆ ಕ್ರಮ ಎನ್ನುವುದರ ಮೇಲೇ ಜುಗುಪ್ಸೆ ಬಂದಿರುತ್ತದೆ. ನಿವೃತ್ತನಾದ ಮೇಲೆ ನಾನು ಪುಸ್ತಕಗಳನ್ನು ಬೆನ್ನಿನ ಬಣ್ಣ ನೋಡಿ ಜೋಡಿಸಿದೆ. ಸಂಜೆಯ ವಾಕಿಂಗಿಗೆ ಪ್ರತಿ ತಿರುವಿನಲ್ಲೂ ನಾಣ್ಯ ಚಿಮ್ಮಿ ದಾರಿ ಆರಿಸಿದೆ. ಒಂದು ದಿನ ನಾಣ್ಯ ನನ್ನನ್ನು ಕುಮಾರ ಪಾರ್ಕಿಗೆ ಕರೆದುಕೊಂಡು ಹೋಗಿ ಬಿಟ್ಟುಬಿಟ್ಟಿತು. ಆಟೋದಲ್ಲಿ ವಾಪಸ್ ಬಂದೆ.

(ಗಿರಿಜಾ: "ಒಂದು ದಿನ ಅಲ್ಲ. ಮೂರು ದಿನ.")

ಟೈಲ್ಸ್ ಅಂಗಡಿಯವರು ಒಳ್ಳೆಯ ಮನುಷ್ಯರು. ಬಿಳೀ ಟೈಲ್ಸ್ ತೋರಿಸಿದ ಮೇಲೆ, "ಮಧ್ಯೆ ಮಧ್ಯೆ ಹೈಲೈಟರ್ ಹಾಕ್ಸಿ ಸರ್, ಲುಕ್ ಬರುತ್ತೆ" ಎಂದು ಚಿತ್ರದ ಟೈಲ್ಸ್ ಹರಡಿದರು. ಒಂದರ ಮೇಲೆ ಹೊಗೆಯಾಡುವ ಕಾಫಿ ಕಪ್ಪು. ಇನ್ನೊಂದರ ಮೇಲೆ ದ್ರಾಕ್ಷಿ ಗೊಂಚಲು. ನಮ್ಮ ಮನೆಗೆ ನಿಜವಾದ ದ್ರಾಕ್ಷಿ ತಂದರೆ ಹತ್ತು ನಿಮಿಷ ಉಳಿಯುವುದಿಲ್ಲ. ಗೋಡೆಯ ಮೇಲೆ ಮಾತ್ರ ಹತ್ತು ವರ್ಷ ಇರಬೇಕೇ? ಬೇಡವೆಂದೆ.

ಆಗ ಮೂಲೆಯಲ್ಲಿ ಧೂಳು ತಿನ್ನುತ್ತಾ ಕೂತಿದ್ದ ಒಂದು ರಟ್ಟಿನ ಡಬ್ಬ ಕಂಡಿತು. ಮುಚ್ಚಳ ಬೋರಲಾಗಿ ಪಕ್ಕದಲ್ಲಿ ಬಿದ್ದಿತ್ತು. ಒಳಗೆ ಅರ್ಧ ಅಡಿ ಚೌಕದ ಟೈಲ್ಸ್. ಒಂದನ್ನು ಎತ್ತಿ ನೋಡಿದೆ. ಮೈ ಜುಮ್ಮೆಂದಿತು. ಕಡುಗೆಂಪು ಹಿನ್ನೆಲೆ. ಅದರ ಮೇಲೆ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ಚಿನ್ನದ ಗೆರೆ. ಇನ್ನೊಂದರಲ್ಲಿ ಹಸಿರು, ನಡುವೆ ಹಳದಿ ಚುಕ್ಕೆಗಳು. ಯಾವುದೂ ಯಾವುದರ ಚಿತ್ರವೂ ಅಲ್ಲ! ಶುದ್ಧ ಆಧುನಿಕ ಕಲೆ, ಅದೂ ಕಲಾಸಿಪಾಳ್ಯದ ಹತ್ತಿರ!

"ಅದಾ ಸರ್? ಯಾರೋ ಆರ್ಡರ್ ಕೊಟ್ಟು ತಗೊಂಡೇ ಹೋಗ್ಲಿಲ್ಲ. ಫುಲ್ ಸೆಟ್ಟು, ಇಪ್ಪತ್ತು ಪೀಸು. ಹಿಂದ್ಗಡೆ ನಂಬರ್ ಇದೆ, ನಂಬರ್ ಪ್ರಕಾರ ಹಾಕ್ಸಿ," ಎಂದರು ಅಂಗಡಿಯವರು, ಇನ್ನೊಬ್ಬ ಗಿರಾಕಿಯ ಕಡೆ ತಿರುಗುತ್ತಾ.

ನಂಬರ್ ಪ್ರಕಾರ! ನಾನು ಮನಸ್ಸಿನಲ್ಲೇ ನಕ್ಕೆ. ಇಪ್ಪತ್ತನ್ನೂ ಪೇಪರಿನಲ್ಲಿ ಸುತ್ತಿಸಿ ಚೀಲಕ್ಕೆ ಹಾಕಿಸಿಕೊಂಡೆ. "ಡಬ್ಬ ಬೇಡ್ವಾ ಸರ್?" ಎಂದರು. "ಆಟೋದಲ್ಲಿ ಜಾಗ ಸಾಲಲ್ಲ, ಇಲ್ಲೇ ಇರಲಿ," ಎಂದೆ ಉದಾರವಾಗಿ.

ಮನೆಯಲ್ಲಿ ಮಂಚದ ಮೇಲೆ ಹರಡಿ ಗಿರಿಜಾಳಿಗೆ ಒಂದು ಪುಟ್ಟ ಉಪನ್ಯಾಸ ಕೊಟ್ಟೆ. "ನೋಡು, ಇದು ಉದಯಿಸುತ್ತಿರುವ ಸೂರ್ಯ, ಒಳಗೆ ಕತ್ತಲೆಯ ಬೀಜ. ಇದು ಕೆಂಪು ದೋಣಿ. ಇದು ಕಪ್ಪು ನದಿ. ಇಲ್ಲಿ ನೋಡು, ಐದು ಹಳದಿ ದಾರಿಗಳು, ಐದೂ ಒಂದೇ ಊರಿಂದ ಹೊರಟಿವೆ. ಆದರೆ ಯಾವುದೂ ಊರು ಸೇರೋದಿಲ್ಲ."

ಗಿರಿಜಾ ಐದು ದಾರಿಗಳನ್ನು ಬಹಳ ಹೊತ್ತು ನೋಡಿದಳು. "ಬಣ್ಣ ಚೆನ್ನಾಗಿದೆ. ಆದ್ರೆ ಯಾವ್ದು ಮೇಲೆ, ಯಾವ್ದು ಕೆಳಗೆ?"

"ಆಧುನಿಕ ಕಲೆಯಲ್ಲಿ ಮೇಲು ಕೆಳಗು ಅನ್ನೋದಿಲ್ಲ!"

"ಅಮ್ಮ ಬರೋದು ಶುಕ್ರವಾರ ರೀ. ಏನು ಮಾಡ್ತೀರೋ, ಅಷ್ಟರೊಳಗೆ ಮುಗಿಸಿ." ಅಷ್ಟು ಹೇಳಿ ಅವಳು ಸ್ಟೌವನ್ನೂ ಪಾತ್ರೆಗಳನ್ನೂ ಹಿತ್ತಲಿನ ತಗಡಿನ ಕೆಳಗೆ ಸಾಗಿಸಿದಳು. ಮೂರು ದಿನ ಅಲ್ಲೇ ಕುಕ್ಕರಗಾಲಲ್ಲಿ ಕೂತು ಅಡುಗೆ ಮಾಡಿದಳು. ಈ ತ್ಯಾಗವನ್ನು ನಾನು ಆಗ ಗಮನಿಸಿದೆ ಎಂದು ಬರೆಯಬೇಕೆಂದಿದ್ದೆ.

(ಗಿರಿಜಾ: "ಗಮನಿಸ್ಲಿಲ್ಲ. 'ಸಾರಿಗೆ ಹೊಗೆ ವಾಸನೆ' ಅಂದ್ರು.")

ಮೇಸ್ತ್ರಿ ನಂಜಪ್ಪನವರು ಕ್ರಮದ ಮೂರ್ತಿ. ಬಂದವರೇ ಕರಣೆಗೆ ಕುಂಕುಮ ಇಟ್ಟು ಕಣ್ಣಿಗೊತ್ತಿಕೊಂಡರು. ನೀರಿನ ಪೈಪ್ ಹಿಡಿದು ಗೋಡೆಯ ಮಟ್ಟ ನೋಡಿದರು, ದಾರ ಕಟ್ಟಿದರು, ಹಳೆಯ ಗಾರೆ ಕೆತ್ತಿದರು. ಎರಡು ದಿನ ತಯಾರಿ. ಮೂರನೆಯ ದಿನ, ಅಂದರೆ ಹಬ್ಬದ ಹಿಂದಿನ ದಿನ, ಬೆಳಿಗ್ಗೆಯೇ ಟೈಲ್ಸ್ ಅಂಟಿಸುವ ಮುಹೂರ್ತ. ನಾನು ಸ್ನಾನಕ್ಕೂ ಹೋಗದೆ ಓಡಿ ಬಂದು ನೋಡುತ್ತೇನೆ: ನಂಜಪ್ಪನವರು ಬಣ್ಣದ ಟೈಲ್ಸನ್ನು ಬೋರಲು ಹಾಕಿಕೊಂಡು, ಹಿಂದಿನ ನಂಬರ್ ಓದುತ್ತಾ, ಒಂದು, ಎರಡು, ಮೂರು ಎಂದು ನೆಲದ ಮೇಲೆ ಜೋಡಿಸುತ್ತಿದ್ದಾರೆ!

"ಮೇಸ್ತ್ರಿ! ನಿಲ್ಲಿಸಿ!"

"ಯಾಕ್ ಸರ್? ಸೆಟ್ ಪೀಸು, ನಂಬರ್ ಇದ್ಯಲ್ಲ."

"ಅದೇ ತಪ್ಪು. ಇವನ್ನ ಬಿಳೀ ಟೈಲ್ಸ್ ಮಧ್ಯೆ ಅಲ್ಲೊಂದು ಇಲ್ಲೊಂದು ಹಾಕಬೇಕು. ಯಾವ ಲೆಕ್ಕಾಚಾರವೂ ಇರಬಾರದು."

"ಲೆಕ್ಕಾಚಾರ ಇಲ್ದೆ ಹ್ಯಾಗ್ ಹಾಕೋದು ಸರ್? ನೀವು ಹೇಳಿ, ಎಲ್ಲೆಲ್ಲಿ ಅಂತ."

"ನಾನು ಹೇಳಿದರೆ ಅದೂ ಲೆಕ್ಕಾಚಾರವೇ ಆಗುತ್ತಲ್ಲ!"

ನಂಜಪ್ಪನವರು ಗಿರಿಜಾಳ ಕಡೆ ನೋಡಿದರು. ಗಿರಿಜಾ ಕಡಲೆಬೇಳೆ ಆರಿಸುವುದರಲ್ಲಿ ಮಗ್ನಳಾದಳು. ನಾನು ಇಪ್ಪತ್ತು ಟೈಲ್ಸನ್ನೂ ಬಚ್ಚಲಿಗೆ ಒಯ್ದು, ನಾರು, ಸೋಪು ಹಾಕಿ ತಿಕ್ಕಿ, ಹಿಂದಿನ ನಂಬರುಗಳನ್ನೆಲ್ಲ ಅಳಿಸಿದೆ. ಮದುವೆಯಾದ ಮೇಲೆ ನಾನು ಏನನ್ನಾದರೂ ತೊಳೆದದ್ದು ಅದೇ ಮೊದಲು. ಗಿರಿಜಾ ಬಂದು ಬಚ್ಚಲ ಬಾಗಿಲಲ್ಲಿ ನಿಂತು ನೋಡಿ ಹೋದಳು.

ಆಮೇಲೆ ಶಾಸ್ತ್ರೀಯ ವಿಧಾನ. ಗೋಡೆಯ ಮೇಲಿನ ಜಾಗಗಳಿಗೆಲ್ಲ ಒಂದೊಂದು ಚೀಟಿ ಬರೆದೆ. ಎಲ್ಲವನ್ನೂ ಮಡಿಸಿ ಸಾಂಬಾರ್ ಪುಡಿಯ ಖಾಲಿ ಡಬ್ಬಿಗೆ ಹಾಕಿ ಕುಲುಕಿದೆ. ಒಂದು ಟೈಲು ಎತ್ತುವುದು, ಒಂದು ಚೀಟಿ ಎತ್ತುವುದು. ಮೇಲು ಕೆಳಗಿನ ಪ್ರಶ್ನೆ ಬಂದಾಗ ನಾಣ್ಯ ಚಿಮ್ಮುವುದು.

"ಸರ್," ಎಂದರು ನಂಜಪ್ಪನವರು ಮೊದಲ ಟೈಲಿಗೆ ಸಿಮೆಂಟು ಮೆತ್ತುತ್ತಾ, "ವಾಸ್ತು ನೋಡಿ ಟೈಲ್ಸ್ ಹಾಕಿಸ್ದೋರು ಇದಾರೆ. ಜಾತಕ ನೋಡಿ ಹಾಕಿಸ್ದೋರೂ ಇದಾರೆ. ಚೀಟಿ ಎತ್ತಿ ಹಾಕಿಸ್ತಿರೋರು ನೀವೇ ಮೊದ್ಲು."

ನಾನು ಇದನ್ನು ಹೊಗಳಿಕೆ ಎಂದು ಸ್ವೀಕರಿಸಿದೆ.

ಒಂದೇ ಒಂದು ಕಡೆ ಕೆಲಸ ನಿಂತಿತು. ಮಿಕ್ಸಿಯ ಸ್ವಿಚ್ ಬೋರ್ಡ್ ಇರುವ ಜಾಗಕ್ಕೂ ಒಂದು ಚೀಟಿ ಬಂದಿತ್ತು. "ಇಲ್ಲಿ ಪೀಸು ಕಟ್ ಮಾಡಿ ತೂತು ತೆಗೀಬೇಕು ಸರ್. ಬಣ್ಣದ್ದು ಯಾಕೆ ಹಾಳು ಮಾಡೋದು, ಬಿಳೀದ್ ಹಾಕ್ಲಾ?" ಎಂದರು. ನನ್ನ ಕೈಯಲ್ಲಿದ್ದದ್ದು ತುಂಬ ಸಾಧಾರಣ ಟೈಲು. ಒಂದು ದೊಡ್ಡ ಚಿನ್ನದ ಗುಂಡು, ಅದರ ಮೇಲೆ ಬಿಳಿ ಚುಕ್ಕೆಗಳ ರಾಶಿ, ಅಷ್ಟೇ. "ಚೀಟಿ ಹೇಳಿದ ಹಾಗೇ ಆಗಲಿ, ಕತ್ತರಿಸಿ!" ಎಂದೆ. ಕಟ್ಟರ್ ಕಿರುಚಿತು. ಚಿನ್ನದ ಗುಂಡಿನ ಹೊಟ್ಟೆಯಲ್ಲಿ ಸ್ವಿಚ್ ಬೋರ್ಡ್ ಬಂದು ಕೂತಿತು.

ಮಧ್ಯಾಹ್ನ ಮೂರು ಗಂಟೆಗೆ ಗೋಡೆ ಮುಗಿಯಿತು. ಇಪ್ಪತ್ತು ಕೆಂಪು, ಹಸಿರು, ಚಿನ್ನದ ಚೌಕಗಳು ಬಿಳಿಯ ಮಧ್ಯೆ ಹೇಳದೆ ಕೇಳದೆ ಹಾರಿ ಬಂದು ಕೂತಂತಿದ್ದವು. ನಂಜಪ್ಪನವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಗಿರಿಜಾ, "ಗೋಡೆ ಶುಭ್ರವಾಗಿದೆ. ಅಷ್ಟು ಸಾಕು. ಅಮ್ಮ ಬಂದರೆ ಸಾಕು," ಎಂದಳು. ಅವಳ ದನಿಯಲ್ಲಿ ನಿಜವಾಗಿಯೂ ಸಂತೋಷವಿತ್ತು. ಇದನ್ನು ಅವಳು ತಿದ್ದಲಿಲ್ಲ.

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಸಾವಿತ್ರಮ್ಮ ಹಬ್ಬಕ್ಕೆಂದು ಬಾಳೆಎಲೆ ಹಿಡಿದುಕೊಂಡು ಬಂದರು.

"ಎಲ್ಲಿ, ಮೇಷ್ಟ್ರ ಟೈಲ್ಸ್ ನೋಡೋಣ," ಎಂದು ಒಳಗೆ ಬಂದವರು ನಿಂತರು. ಕತ್ತು ಎಡಕ್ಕೆ ವಾಲಿಸಿದರು. ಬಲಕ್ಕೆ ವಾಲಿಸಿದರು. ಆಮೇಲೆ ಬಗ್ಗಿ, ತಲೆ ಪೂರ್ತಿ ಕೆಳಗೆ ಮಾಡಿ ನೋಡಿದರು. ಕಲೆಯನ್ನು ಹೀಗೆ ಮೈಮರೆತು ನೋಡುವವರು ಚಾಮರಾಜಪೇಟೆಯಲ್ಲೂ ಇದ್ದಾರಲ್ಲ ಎಂದು ನನಗೆ ರೋಮಾಂಚನವಾಯಿತು.

"ಗಿರಿಜಾ, ಸ್ವಲ್ಪ ಬಾರೇ ಇಲ್ಲಿ," ಎಂದರು ಸಾವಿತ್ರಮ್ಮ ಸಣ್ಣ ದನಿಯಲ್ಲಿ. "ಆ ಕಣ್ಣು ನನ್ನನ್ನೇ ನೋಡ್ತಿದೆ ಕಣೇ."

"ಅದು ಕಣ್ಣಲ್ಲ ಸಾವಿತ್ರಮ್ಮ. ಉದಯಿಸುತ್ತಿರುವ ಸೂರ್ಯ," ಎಂದೆ.

"ಸೂರ್ಯಂಗೆ ಹುಬ್ಬು ಇರುತ್ತೇನ್ರೀ?"

ನೋಡಿದೆ. ಸೂರ್ಯನಿಗೆ ಹುಬ್ಬಿತ್ತು.

"ಇನ್ನೊಂದು ಕಣ್ಣು ಅಲ್ಲಿದೆ ನೋಡಿ, ಸಿಂಕಿನ ಮೇಲೆ. ಇದು ಮೂಗುತಿ. ಅಯ್ಯೋ, ಅದು ತುಟಿ! ಅದು ಬೆರಳು, ಐದು ಬೆರಳು! ಅದು ಸೌಟು!" ಸಾವಿತ್ರಮ್ಮ ಬಾಳೆಎಲೆ ಕೆಳಗಿಟ್ಟು ಸೆರಗು ಹೊದ್ದುಕೊಂಡರು. "ಅನ್ನಪೂರ್ಣೇಶ್ವರಿ ರೀ ಇದು! ತಾಯಿನ ತುಂಡು ತುಂಡು ಮಾಡಿ ಗೋಡೆ ಪೂರ್ತಿ ಅಂಟಿಸ್ಬಿಟ್ಟಿದೀರಲ್ರೀ!"

ಅವರು ಕೈ ಮುಗಿಯಲು ಹೋದರು. ಯಾವ ಕಡೆಗೆ ಮುಗಿಯುವುದೆಂದು ತಿಳಿಯದೆ, ಸ್ಟೌವಿನ ಕಡೆಯಿಂದ ಶುರು ಮಾಡಿ ಸಿಂಕಿನ ತನಕ ಕೈ ಮುಗಿದುಕೊಂಡೇ ನಡೆದುಹೋದರು.

ನಂಜಪ್ಪನವರ ಮುಖದಲ್ಲಿ ಸಿಮೆಂಟಿಗಿಂತ ಬಿಳಿ ಬಣ್ಣ ಬಂದಿತ್ತು. "ಸರ್... ನನ್ನ ಕೈಲಿ ಏನು ಮಾಡಿಸ್ಬಿಟ್ರಿ ಸರ್! ನಾನು ಕಟ್ಟರ್ ಬೇರೆ ಹಾಕಿದೀನಿ!"

ನಾನು ಅಂಗಡಿಗೆ ಫೋನ್ ಮಾಡಿದೆ.

"ಹೌದು ಸರ್, ಅನ್ನಪೂರ್ಣೇಶ್ವರಿ ಸೆಟ್ಟು. ಡಬ್ಬದ ಮುಚ್ಚಳದ ಮೇಲೆ ಇತ್ತಲ್ಲ ದೊಡ್ಡ ಚಿತ್ರ?"

"ಆ ಮುಚ್ಚಳ ಇದೆಯಾ?"

"ನೀವೇ ಬೇಡ ಅಂದ್ರಲ್ಲ ಸರ್. ಬೆಳಿಗ್ಗೆ ಅಂಗಡಿ ಕ್ಲೀನ್ ಮಾಡಿ ಕಸಕ್ಕೆ ಹಾಕ್ಬಿಟ್ವಿ. ಯಾಕ್ ಸರ್, ನಂಬರ್ ಪ್ರಕಾರ ಹಾಕ್ಸಿದ್ರೆ ಏನೂ ಪ್ರಾಬ್ಲಮ್ ಇರಲ್ವಲ್ಲ?"

ಫೋನ್ ಇಟ್ಟೆ. ಗಿರಿಜಾ ಬೈಯುತ್ತಾಳೆ ಎಂದು ಕಾದೆ. ಅವಳು ಅಡುಗೆ ಕಟ್ಟೆಗೆ ಒರಗಿಕೊಂಡು, "ನಾಳೆ ಬೆಳಿಗ್ಗೆ ಅಮ್ಮ ಬರ್ತಾರೆ," ಎಂದಳು. ಅಷ್ಟೇ. ನೀರು ಕೇಳುವ ಅತ್ತೆಯ ಮಗಳು ಅವಳು ಎಂಬುದು ನನಗೆ ಆಗ ಪೂರ್ತಿ ಅರ್ಥವಾಯಿತು.

"ಒಡೆದು ತೆಗೆದುಬಿಡೋಣ ಮೇಸ್ತ್ರಿ," ಎಂದೆ.

"ಏನಂದ್ರಿ? ತಾಯಿ ಮುಖದ ಮೇಲೆ ಉಳಿ ಇಡ್ಲಾ? ನಂಗೆ ಹೆಂಡ್ತಿ ಮಕ್ಳಿದಾರೆ ಸರ್." ಅವರು ಸ್ವಲ್ಪ ಹೊತ್ತು ಗೋಡೆಯನ್ನು ತಟ್ಟಿ ತಟ್ಟಿ ಕಿವಿಗೊಟ್ಟರು. "ಸಿಮೆಂಟು ಇನ್ನೂ ಹಸಿ ಇದೆ. ಕರಣೆ ತುದಿ ಹಾಕಿ ಮೆಲ್ಲಗೆ ಎಬ್ಬಿಸಬಹುದು. ಎಬ್ಬಿಸಿ, ಎಲ್ಲಾ ಸೇರ್ಸಿ, ಒಂದೇ ಕಡೆ ನೆಟ್ಟಗೆ ಕೂರಿಸ್ಬೇಕು. ಆದ್ರೆ ಸಂಜೆ ಒಳಗೆ ಆಗ್ಬೇಕು. ಆಮೇಲೆ ಕಲ್ಲಾಗ್ಬಿಡುತ್ತೆ. ಆಮೇಲೆ ತಾಯಿ ಹೀಗೇ ಇರ್ತಾಳೆ, ಸಿಂಕಲ್ಲಿ ಒಂದು ಕಣ್ಣು, ಸ್ಟೌ ಮೇಲೆ ಒಂದು ಕಣ್ಣು."

ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ನಡೆದದ್ದನ್ನು ಯಾವ ಕ್ರಮದಲ್ಲಿ ಹೇಳಿದರೂ ಅದು ಸುಳ್ಳಾಗುತ್ತದೆ, ಯಾಕೆಂದರೆ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದೆವು. ನಂಜಪ್ಪನವರು ಪ್ರತಿ ಟೈಲಿಗೂ "ತಪ್ಪಾಯ್ತು ತಾಯಿ" ಎಂದು ಗಲ್ಲ ಬಡಿದುಕೊಂಡು ಕರಣೆ ತೂರಿಸುತ್ತಿದ್ದರು. ದೇವರನ್ನು ನೆಲದ ಮೇಲೆ ಇಡಬಾರದೆಂದು ಸಾವಿತ್ರಮ್ಮ ತಾವು ತಂದ ಬಾಳೆಎಲೆಗಳನ್ನೇ ಊಟದ ಮೇಜಿನ ಮೇಲೆ ಹಾಸಿದರು. ನಾನು ಬಂದ ಬಂದ ಟೈಲನ್ನು ಒರೆಸಿ ಎಲೆಯ ಮೇಲಿಡುವ ಕೆಲಸಕ್ಕೆ ನೇಮಕಗೊಂಡೆ.

"ಇದು ಮೊಣಕೈ," ಎಂದೆ.

"ಮೊಣಕಾಲು ರೀ," ಎಂದಳು ಗಿರಿಜಾ.

"ಎರಡೂ ಅಲ್ಲ, ತಲೆದಿಂಬು," ಎಂದರು ಸಾವಿತ್ರಮ್ಮ.

"ಅಕ್ಕಾ, ಈ ಹಸಿರು ಸೀರೆನೋ ಬಾಳೆಲೆನೋ?" ಎಂದು ಅಡುಗೆಮನೆಯಿಂದ ನಂಜಪ್ಪ.

ನನಗೆ ನನ್ನ ಹಳೆಯ ಪಾಠ ನೆನಪಾಯಿತು. "ನೋಡಿ, ಇಪ್ಪತ್ತು ಟೈಲ್ಸ್. ಒಂದೊಂದನ್ನೂ ನಾಲ್ಕು ರೀತಿ ತಿರುಗಿಸಬಹುದು. ಒಟ್ಟು ಸಾಧ್ಯತೆಗಳನ್ನು ಬರೆಯೋಕೆ ಹೋದರೆ ಕಪ್ಪುಹಲಗೆ ಸಾಲೋದಿಲ್ಲ. ಗಳಿಗೆಗೊಂದು ವಿಧಾನ ಪರೀಕ್ಷಿಸಿದರೂ—"

"ಲೆಕ್ಕ ಆಮೇಲೆ. ಆ ಪಾದ ಕೊಡಿ," ಎಂದಳು ಗಿರಿಜಾ.

ಕೊಟ್ಟೆ. ಅವಳು ಮೇಜಿನ ಮುಂದೆ ನಿಂತು, ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆಯುತ್ತಾ, ಇಲ್ಲಿ ಮುರಿದ ಗೆರೆ ಅಲ್ಲಿ ಹೇಗೆ ಮುಂದುವರಿಯಬೇಕೆಂದು ಹುಡುಕಿದಳು. ದಿನಾ ಬೆಳಿಗ್ಗೆ ಬಾಗಿಲ ಮುಂದೆ ಚುಕ್ಕೆಯಿಂದ ಚುಕ್ಕೆಗೆ ರಂಗೋಲಿ ಎಳೆಯುವ ಕೈ ಅದು. ನನ್ನ ಕಪ್ಪು ನದಿ ಜಡೆಯಾಯಿತು. ಕೆಂಪು ದೋಣಿ ನಸುನಕ್ಕಿತು. ಎಲ್ಲಿಗೂ ಸೇರದ ಐದು ದಾರಿಗಳು ಸೌಟನ್ನು ಹಿಡಿದವು. ಅರ್ಧ ಗಂಟೆಯೊಳಗೆ ಬಾಳೆಎಲೆಯ ಮೇಲೆ ತಾಯಿ ಪದ್ಮಾಸನ ಹಾಕಿ ಕೂತಿದ್ದಳು. ನಾನು ಮೂವತ್ತು ವರ್ಷ ಪಾಠ ಮಾಡಿದ ಶಾಸ್ತ್ರ ಗೋಡೆಗೆ ಒರಗಿ ನಿಂತು ನೋಡುತ್ತಿತ್ತು.

ಒಂದೇ ಒಂದು ಜಾಗ ಖಾಲಿ. ತಾಯಿಯ ಮಡಿಲು. ಅಲ್ಲಿ ಇರಬೇಕಾದದ್ದು ಅನ್ನದ ಪಾತ್ರೆ. ಎಲ್ಲರೂ ನನ್ನನ್ನು ನೋಡಿದರು. ಚಿನ್ನದ ಗುಂಡು, ಅದರ ಮೇಲೆ ಬಿಳಿ ಚುಕ್ಕೆಗಳ ರಾಶಿ. ಅಡುಗೆಮನೆಯ ಗೋಡೆಯ ಮೇಲೆ ಅದೊಂದು ಟೈಲು, ಹೊಟ್ಟೆಯಲ್ಲಿ ಸ್ವಿಚ್ ಬೋರ್ಡ್ ಇಟ್ಟುಕೊಂಡು, ಇನ್ನೂ ಅಲ್ಲೇ ಇತ್ತು.

"ಅದನ್ನ ಬೇರೆ ಎಲ್ಲೂ ಕೂರಿಸಕ್ಕಾಗಲ್ಲ," ಎಂದರು ನಂಜಪ್ಪನವರು ನಿಧಾನವಾಗಿ. "ಸ್ವಿಚ್ ಎಲ್ಲಿದ್ಯೋ ಅಲ್ಲೇ ಪಾತ್ರೆ. ಪಾತ್ರೆ ಎಲ್ಲಿದ್ಯೋ ಅಲ್ಲೇ ತಾಯಿ. ಜಾಗ ತಾನೇ ಹೇಳ್ಬಿಟ್ಟಿದಾಳೆ ಸರ್."

ದೀಪ ಹಚ್ಚುವ ಹೊತ್ತಿಗೆ ಸ್ಟೌವಿನ ಪಕ್ಕದಲ್ಲಿ ಸ್ವಿಚ್ ಬೋರ್ಡಿನ ಸುತ್ತಲೂ ತಾಯಿ ಪೂರ್ತಿಯಾದಳು. ಅಲ್ಲಿಂದ ಎಬ್ಬಿಸಿದ ಬಿಳೀ ಟೈಲ್ಸು ಗೋಡೆಯ ಮಿಕ್ಕ ತೂತುಗಳನ್ನು ತುಂಬಿದವು. ಒಂದು ಕೈಯಲ್ಲಿ ಸೌಟು. ಇನ್ನೊಂದು ಕೈ ಮಡಿಲಿನ ಪಾತ್ರೆಯ ಮೇಲೆ. ಪಾತ್ರೆಯ ನಡುವೆ ಎರಡು ಸ್ವಿಚ್ಚು, ಒಂದು ಪ್ಲಗ್ಗು, ಒಂದು ಪುಟ್ಟ ಕೆಂಪು ದೀಪ. ಅನ್ನದ ಬದಲು ತಾಯಿ ಕರೆಂಟು ಬಡಿಸುವಂತಿತ್ತು.

ಮರುದಿನ ಬೆಳಿಗ್ಗೆ ಅತ್ತೆ ಬಾಗಿನದ ಮೊರಗಳ ಜೊತೆ ಬಂದರು. ಗಿರಿಜಾ ಆಗಲೇ ಅಡುಗೆಮನೆಯಲ್ಲಿ ಹೂರಣ ರುಬ್ಬಿ ಕಣಕ ನಾದುತ್ತಿದ್ದಳು. ಅತ್ತೆ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಹೊಸ್ತಿಲ ತನಕ ಬಂದು ನಿಂತರು. ನಾದುತ್ತಿದ್ದ ಕೈ ನಿಂತಿತು. ನಾನು ಹಿಂದೆ, ಅತ್ತೆಗೆ ಕುರ್ಚಿ ಹಿಡಿದುಕೊಂಡು ನಿಂತಿದ್ದೆ.

ಅತ್ತೆ ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ನೋಡಿದರು.

"ಯಾರು ಮಾಡಿಸಿದ್ದು ಇದು?"

"ಇವರು," ಎಂದಳು ಗಿರಿಜಾ, ಒಂದು ಕ್ಷಣವೂ ತಡ ಮಾಡದೆ.

"ಅಳಿಯಂದ್ರೇ, ತಾಯಿ ಮಡಿಲಲ್ಲಿ ಅನ್ನದ ಪಾತ್ರೆ ಇರ್ಬೇಕಿತ್ತಲ್ವಾ?"

"ಇದೆ ಅತ್ತೆ. ಅದರ ಮಧ್ಯೆ... ಮಿಕ್ಸಿ ಸ್ವಿಚ್ಚು ಬಂದುಬಿಟ್ಟಿದೆ. ಆಧುನಿಕ ಕಲೆಯ ದೃಷ್ಟಿಯಿಂದ ನೋಡಿದರೆ—"

"ಸುಮ್ನಿರಿ."

ಸುಮ್ಮನಾದೆ. ನೀರಿನ ಲೋಟ ತೊಳೆದು ಸಿದ್ಧವಾಗಿಟ್ಟಿದ್ದೆ, ಕೇಳಿದ ಕೂಡಲೇ ಕೊಡಲು.

ಅತ್ತೆ ಕೇಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನೋವಿನ ಕಾಲನ್ನು ಮೊದಲು ಒಳಗಿಟ್ಟರು. ಆಮೇಲೆ ಇನ್ನೊಂದು ಕಾಲು. ಗೋಡೆಯ ಹತ್ತಿರ ಹೋಗಿ ತಾಯಿಯ ಹಣೆಗೆ ಅರಿಶಿನ ಕುಂಕುಮ ಇಟ್ಟರು. ಒಂದು ಗಳಿಗೆ ಯೋಚಿಸಿ ಸ್ವಿಚ್ಚಿಗೂ ಇಟ್ಟರು.

"ಕರೆಂಟು ಇಲ್ದೆ ಈಗ ಯಾರ ಮನೇಲಿ ಅನ್ನ ಆಗುತ್ತೆ," ಎಂದರು ಯಾರಿಗೋ ಹೇಳಿದಂತೆ. ಆಮೇಲೆ ನನ್ನ ಕೈಯಲ್ಲಿದ್ದ ಕುರ್ಚಿಯನ್ನು ಕಟ್ಟೆಯ ಪಕ್ಕದಲ್ಲೇ ಹಾಕಿಸಿಕೊಂಡು ಕೂತರು. "ಗಿರಿಜಾ, ಆ ಕಣಕ ಇಲ್ಲಿ ಕೊಡು. ಇಷ್ಟು ಗಟ್ಟಿಯಾಗಿ ನಾದಿದ್ರೆ ಹೋಳಿಗೆ ಹೇಗೆ ಆಗುತ್ತೆ?"

ಗಿರಿಜಾ ತಟ್ಟೆ ಕೊಟ್ಟಳು. ಈ ತಪ್ಪು ಹಿಡಿಸಿಕೊಂಡದ್ದಕ್ಕೆ ಅವಳ ಮುಖದಲ್ಲಿ ಎಂಥ ಬೆಳಕಿತ್ತು ಎಂದರೆ, ನಾನು ಹೇಳಿದರೆ ನೀವು ನಂಬುವುದಿಲ್ಲ.

(ಗಿರಿಜಾ: "ಎಣ್ಣೆ ಹಚ್ಚಿಕೊಂಡಿದ್ದೆ. ಅದು ಹೊಳೀತಿತ್ತು.")

ಅತ್ತೆ ಒಂಬತ್ತು ಹೋಳಿಗೆ ತಟ್ಟಿದರು. ಎರಡು ತಿಂದರು. ಮೂರನೆಯದಕ್ಕೆ ಬೇಡ ಬೇಡ ಎನ್ನುತ್ತಲೇ ತಟ್ಟೆ ಮುಂದೆ ಹಿಡಿದರು. ಹೊರಡುವ ಮೊದಲು ನನ್ನನ್ನು ಅಡುಗೆಮನೆಗೆ ಕರೆಸಿಕೊಂಡರು.

"ಅಳಿಯಂದ್ರೇ, ದೇವರಮನೆ ಪೂಜೆ ಗಿರಿಜಾದು. ಅದರ ತಂಟೆಗೆ ನೀವು ಹೋಗ್ಬೇಡಿ. ಆದ್ರೆ ಈ ತಾಯಿನ ತಂದು ಕೂರಿಸ್ದೋರು ನೀವು. ಕೂರಿಸ್ದೋರೇ ನೋಡ್ಕೋಬೇಕು. ದಿನಾ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ವಿಭೂತಿ ಹಚ್ಕೊಂಡು, ಒಂದು ಹೂವು ಏರಿಸಿ. ಸ್ನಾನ ಆಗ್ದೇ ಇರೋರು ಯಾರೂ ತಾಯಿ ಮಡಿಲಿಗೆ ಕೈ ಹಾಕೋ ಹಾಗಿಲ್ಲ."

"ಮಡಿಲಲ್ಲ ಅತ್ತೆ, ಸ್ವಿಚ್ ಬೋರ್ಡು."

"ಈಗ ಎರಡೂ ಒಂದೇ ಅಲ್ವಾ?"

ಒಂದೇ ಮಾಡಿದವನು ನಾನೇ ಆದ್ದರಿಂದ ವಾದಿಸಲಿಲ್ಲ. ಗಿರಿಜಾಳಿಗೆ ಈ ನಿಯಮದ ಪೂರ್ಣ ಅರ್ಥ ಮರುದಿನ ಬೆಳಿಗ್ಗೆಯೇ ಹೊಳೆಯಿತು. ಐದೂವರೆಗೆ ನನ್ನನ್ನು ಅಲುಗಾಡಿಸಿ, "ರೀ, ಚಟ್ನಿ ರುಬ್ಬಬೇಕು. ನಂದು ಸ್ನಾನ ಆಗಿಲ್ಲ. ನಾನು ಸ್ವಿಚ್ ಮುಟ್ಟೋ ಹಾಗಿಲ್ಲ," ಎಂದು ಹೇಳಿ ಹೊದಿಕೆ ಎಳೆದುಕೊಂಡಳು. ಇಪ್ಪತ್ತೆಂಟು ವರ್ಷದಲ್ಲಿ ಅವಳು ಏಳು ಗಂಟೆಯ ತನಕ ಮಲಗಿದ್ದನ್ನು ನಾನು ಮೊದಲ ಸಲ ನೋಡಿದೆ. ಮುಸುಕು ಸಣ್ಣಗೆ ಕುಲುಕುತ್ತಿತ್ತು.

(ಗಿರಿಜಾ: "ನಗ್ತಿರ್ಲಿಲ್ಲ. ಚಳಿ.")

ಈಗ ಇದೇ ನನ್ನ ದಿನಚರಿ. ಕ್ರಮ ಎಂದರೆ ಸಿಡಿಮಿಡಿಗೊಳ್ಳುತ್ತಿದ್ದ ನಾನು ಐದೂವರೆಗೆ ಏಳುತ್ತೇನೆ, ಐದೂ ಮುಕ್ಕಾಲಿಗೆ ತಣ್ಣೀರು, ಆರಕ್ಕೆ ವಿಭೂತಿ, ಆರೂ ಐದಕ್ಕೆ ಹೂವು. ಕಾಯಿ ತುರಿದು, ಹುರಿಗಡಲೆ, ಹಸಿಮೆಣಸಿನಕಾಯಿ ಜಾರಿಗೆ ಹಾಕಿ, ಕಣ್ಣು ಮುಚ್ಚಿ, ತಾಯಿಯ ಮಡಿಲಿಗೆ ಭಕ್ತಿಯಿಂದ ಬೆರಳಿಟ್ಟು ಸ್ವಿಚ್ ಒತ್ತುತ್ತೇನೆ. ಮಿಕ್ಸಿ ಗರ್ಜಿಸುತ್ತದೆ. ಆ ಸದ್ದು ನಿಂತ ಮೇಲೆ ಕೋಣೆಯೊಳಗಿಂದ ನಿದ್ದೆಗಣ್ಣಿನ ಒಂದು ದನಿ ಬರುತ್ತದೆ.

"ರೀ, ಉಪ್ಪು ಹಾಕಿದ್ರಾ?"

"ಹಾಕದೆ ಇರ್ತೀನಾ?" ಎಂದು ಗಟ್ಟಿಯಾಗಿ ಹೇಳಿ, ಬೆರಳಿಗೆ ಸ್ವಲ್ಪ ಚಟ್ನಿ ಹಚ್ಚಿ ನಾಲಿಗೆಗೆ ಇಡುತ್ತೇನೆ.

ಹಾಕಿರುವುದಿಲ್ಲ.